ಹೊಸ ಸೆಲ್ ಹಾಕಿದರೂ ರೇಡಿಯೋ ಆಫ್ ಆಗುವುದಕ್ಕೆ

ಮಲ್ಪೆಯ ಮನೆಯಲ್ಲಿ ಅಪ್ಪನ ಪಾಕೆಟ್ ರೇಡಿಯೋಗೆ ಎರಡು ಹೊಸ ಸೆಲ್ ಹಾಕಿದ್ದೀರಿ, ಮೆಲ್ಲಗೆ ಇಟ್ಟರೆ ಹಾಡುತ್ತದೆ, ಸೌಂಡ್ ಜಾಸ್ತಿ ಮಾಡಿದ ಕೂಡಲೇ ಆಫ್ ಆಗುತ್ತದೆ ಅಂತ ಕೇಳಿದ್ದೀರಿ, ಅಲ್ವಾ? ಸುಮ್ನೆ ಇನ್ನೊಂದು ಜೊತೆ ಸೆಲ್ ತರಬೇಡಿ ಮಾರಾಯ್ರೆ. ಮೊದಲು ಸೆಲ್ ಕೂರುವ ಜಾಗದ ಸ್ಪ್ರಿಂಗ್ ನೋಡಿ.

ನಮ್ಮ ಮನೆಯೂ ಕಡಲ ಬದಿಯಲ್ಲೇ ಉಂಟು. ನನ್ನ ರೇಡಿಯೋದ ಸ್ಪ್ರಿಂಗ್ ಮೇಲಿನಿಂದ ಹೊಳೆಯುತ್ತಿತ್ತು, ಆದರೆ ಟಾರ್ಚ್ ಹಿಡಿದು ನೋಡಿದರೆ ಬುಡದ ಸುತ್ತಿನಲ್ಲಿ ಹಸಿರು ಕಿಲುಬು, ಪಕ್ಕದಲ್ಲಿ ಉಪ್ಪಿನಂಥ ಬಿಳಿ ಪುಡಿ. ಸೌಂಡ್ ಏರಿಸಿದಾಗ ರೇಡಿಯೋ ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ಕಿಲುಬು ಅದನ್ನು ತಡೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ.

ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಮೀಟರ್) ಇದ್ದರೆ ಸೌಂಡ್ ಏರಿಸಿಯೇ ಅಳೆಯಿರಿ. ಎರಡು ಸೆಲ್ಲಿಗೆ ಸೇರಿ ಸುಮಾರು 3 ವೋಲ್ಟ್ ಇದ್ದು, ಒಳಗೆ ಹೋಗುವ ವಯರ್ ಹತ್ತಿರ ಅದಕ್ಕಿಂತ ತುಂಬಾ ಕಡಿಮೆ ಬಂದರೆ ತೊಂದರೆ ಸ್ಪ್ರಿಂಗ್ ಅಥವಾ ಸೆಲ್ಲಿಗೆ ತಾಗುವ ತಗಡಿನಲ್ಲೇ. ಚಾರ್ಜ್ ಮಾಡುವ ಸೆಲ್ ಆದರೆ ಒಂದಕ್ಕೆ 1.2 ವೋಲ್ಟ್ ಮಾತ್ರ, ಅದನ್ನೂ ನೆನಪಿಡಿ.

ಸೆಲ್ ತೆಗೆದು, ಹತ್ತಿಗೆ ಒಂದೆರಡು ಹನಿ ವಿನೆಗರ್ ಹಾಕಿ ಉಜ್ಜಿ. ಆಲ್ಕಲೈನ್ ಸೆಲ್ಲಿನಿಂದ ಸೋರಿದ್ದು ಕ್ಷಾರ, ಹಾಗಾಗಿ ಹುಳಿಗೆ ಬಿಡುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಆಮೇಲೆ ಒದ್ದೆ ಹತ್ತಿಯಲ್ಲಿ ಒರೆಸಿ, ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕು. ವಯರಿನ ಬೆಸುಗೆಯೇ ಹಸಿರಾಗಿದ್ದರೆ ಬಿಡಿಸಿ ಹೊಸದಾಗಿ ಹಾಕಿಸಬೇಕು.

ಒಣಗಿದ ಮೇಲೆ ಎಫ್‌ಎಂ 100.3ರಲ್ಲಿ ಮಂಗಳೂರು ಆಕಾಶವಾಣಿ ಹಾಕಿ ಸೌಂಡ್ ಪೂರ್ತಿ ಏರಿಸಿ. ಮತ್ತೂ ಆಫ್ ಆದರೆ ಮೀಟರಿನಲ್ಲಿ ಎಷ್ಟು ಬಂತು ಅಂತ ಬರೆಯಿರಿ, ಮುಂದಿನದ್ದು ನೋಡೋಣ.