ರಕ್ತ ನಿಂತಿತು ಅಂತ ಬಾಗಿಲು ತೆರೆಯಬೇಡಿ

ಪ್ರಶ್ನೆ: ನಮ್ಮ ಹೆಣ್ಣುನಾಯಿಗೆ 15 ತಿಂಗಳು. ಆಪರೇಷನ್ ಮಾಡಿಸಿಲ್ಲ. ಈಗ ಎರಡನೇ ಸಲ ಬೆದೆಗೆ ಬಂದಿದೆ. 11 ದಿನ ಮನೆಯೊಳಗೇ ಇಟ್ಟಿದ್ದೆವು. ರಕ್ತ ನಿಂತಂತೆ ಕಂಡಿದ್ದರಿಂದ ನಿನ್ನೆ ಹಿತ್ತಲಿಗೆ ಬಿಟ್ಟೆವು. ಹತ್ತೇ ನಿಮಿಷದಲ್ಲಿ ಹೊರಗಿನ ಗಂಡುನಾಯಿಯೊಂದು ಒಳಗೆ ಬಂದು ಕೂಡಿತ್ತು. ಎಳೆದರೂ ಬಿಡಲಿಲ್ಲ. ಗಬ್ಬ ಆಗದಂತೆ ಈಗ ಏನಾದರೂ ಮಾಡಬಹುದಾ? ಮುಂದಿನ ಸಲ ಮಾತ್ರೆ ಕೊಟ್ಟರೆ ಸಾಕಾ? ಒಮ್ಮೆ ಮರಿ ಹಾಕಿದರೆ ನಾಯಿಗೆ ಒಳ್ಳೆಯದು ಅನ್ನುತ್ತಾರೆ, ನಿಜವಾ?

ಉತ್ತರ: ಮೊದಲು ಬಾಗಿಲು ಹಾಕಿ. ಬೆದೆ ಇನ್ನೂ ಮುಗಿದಿಲ್ಲ. ಇನ್ನೊಂದು ಗಂಡು ಬಂದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳೂ ಹುಟ್ಟಬಹುದು.

ನಿಮ್ಮ ತಪ್ಪು ತುಂಬಾ ಜನ ಮಾಡುವಂಥದ್ದೇ. ರಕ್ತ ಹೋಗುವಾಗ ಕಾವಲು, ನಿಂತ ಕೂಡಲೇ ಬಿಡುಗಡೆ! ನಾಯಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಮೊದಲ ಒಂಬತ್ತು ದಿನದ ಆಸುಪಾಸು ರಕ್ತ ಹೋಗುತ್ತದೆ, ಗಂಡುಗಳು ಸುತ್ತುತ್ತವೆ, ಆದರೆ ಹೆಣ್ಣು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಸ್ರಾವದ ಬಣ್ಣ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಬೆನ್ನು ಸವರಿದರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಗಬ್ಬ ಕಟ್ಟುವ ಸಮಯ ಇದೇ. ಇದೂ ಸುಮಾರು ಒಂಬತ್ತು ದಿನ. ಕೆಲವು ನಾಯಿಗಳಲ್ಲಿ ಮೂರೇ ದಿನ, ಇನ್ನು ಕೆಲವದರಲ್ಲಿ ಮೂರು ವಾರ. ಬಣ್ಣ ತಿಳಿಯಾಗದೆ ಕೊನೆವರೆಗೂ ಕೆಂಪಾಗಿಯೇ ಇರುವ ನಾಯಿಗಳೂ ಉಂಟು. ಹಾಗಾಗಿ ಬಣ್ಣ ನಂಬಬೇಡಿ, ಕ್ಯಾಲೆಂಡರ್ ನಂಬಿ. ಮೊದಲ ಹನಿ ಕಂಡ ದಿನದಿಂದ ನಾಲ್ಕು ವಾರ ಕಾವಲು ಬೇಕು. ಆಮೇಲೂ ಊತ ಇಳಿಯದಿದ್ದರೆ, ಗಂಡುಗಳು ಸುತ್ತುವುದು ನಿಲ್ಲದಿದ್ದರೆ ಇನ್ನಷ್ಟು ದಿನ ಕಾಯಿರಿ.

ಎಳೆದದ್ದರಿಂದ ಏನೂ ಪ್ರಯೋಜನ ಆಗಿಲ್ಲ. ಗಂಡಿನ ಅಂಗದ ಬುಡ ಒಳಗೆ ಊದಿಕೊಳ್ಳುವುದರಿಂದ ಎರಡೂ ಅಂಟಿಕೊಳ್ಳುತ್ತವೆ. ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅಷ್ಟರಲ್ಲಿ ವೀರ್ಯ ಒಳಗೆ ಹೋಗಿ ಆಗಿರುತ್ತದೆ. ಎಳೆದರೆ ಇಬ್ಬರಿಗೂ ಗಾಯ, ಅಷ್ಟೇ. ತೊಳೆದರೂ ಉಪಯೋಗವಿಲ್ಲ. ರಕ್ತ ಬಂದಿದ್ದರೆ, ಊತ ಜಾಸ್ತಿಯಾದರೆ ವೈದ್ಯರಿಗೆ ತೋರಿಸಿ.

ಈಗ ನಿಮ್ಮ ಮುಂದೆ ಎರಡು ದಾರಿ ಇವೆ. ಮುಂದೆಂದೂ ಮರಿ ಬೇಡ ಅನ್ನುವುದಾದರೆ ಬೆದೆ ಇಳಿದು ಮೂರ್ನಾಲ್ಕು ವಾರದಲ್ಲಿ ಗರ್ಭಕೋಶ, ಅಂಡಾಶಯ ತೆಗೆಸಿ. ಗಬ್ಬ ಆಗಿದ್ದರೂ ಅಲ್ಲಿಗೆ ಮುಗಿಯುತ್ತದೆ. ನನ್ನನ್ನು ಕೇಳಿದರೆ ಇದೇ ಸರಿ. ಮುಂದೆ ಮರಿ ಬೇಕೇ ಬೇಕು ಅನ್ನುವವರಿಗೆ ಈ ಸಲದ ಗಬ್ಬವನ್ನಷ್ಟೇ ತೆಗೆಯುವ ಅಗ್ಲೆಪ್ರಿಸ್ಟೋನ್ ಅನ್ನುವ ಇಂಜೆಕ್ಷನ್ ಇದೆ. 24 ಗಂಟೆ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಕೂಡಿದ 45 ದಿನದವರೆಗೆ ಕೊಡಬಹುದು. ಇದು ಎಲ್ಲ ಕಡೆ ಸಿಗುವುದಿಲ್ಲ, ಕೊಟ್ಟ ಮೇಲೆ ಮುಂದಿನ ಬೆದೆ ಬೇಗ ಬರಬಹುದು. ಈಸ್ಟ್ರೋಜನ್ ಇಂಜೆಕ್ಷನ್ ಹಾಕೋಣ ಅಂದರೆ ಮಾತ್ರ ಬೇಡ ಅನ್ನಿ. ಅದು ಮೂಳೆಯ ಮಜ್ಜೆಯನ್ನೇ ಕೆಡಿಸಬಹುದು, ಗರ್ಭಕೋಶದಲ್ಲಿ ಕೀವು ತುಂಬಿಸಬಹುದು.

ಗಬ್ಬ ಆಗಿದೆಯಾ ಅಂತ ಇವತ್ತು ಯಾರೂ ಹೇಳಲಾರರು. ನಾಲ್ಕು ವಾರ ಕಳೆದ ಮೇಲೆ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಹೊಟ್ಟೆ, ಮೊಲೆ ನೋಡಿ ತೀರ್ಮಾನಿಸಬೇಡಿ. ಗಬ್ಬ ಆಗದಿದ್ದರೂ ಹಾಲು ಬರುವ ನಾಯಿಗಳಿವೆ.

ಮಾತ್ರೆಯ ಮಾತು. ಮನುಷ್ಯರ ಗರ್ಭನಿರೋಧಕ ಮಾತ್ರೆ ಕೊಡಲೇಬೇಡಿ. ನಾಯಿಗೆಂದೇ ಬರುವ ಬೆದೆ ತಡೆಯುವ ಹಾರ್ಮೋನ್ ಔಷಧಿಗಳೂ ಸುಮ್ನೆ ಕೊಡುವಂಥವಲ್ಲ. ಗರ್ಭಕೋಶದ ಕೀವು, ಮೊಲೆಯ ಗೆಡ್ಡೆ, ಸಕ್ಕರೆ ಕಾಯಿಲೆಯ ಅಪಾಯ ಇರುತ್ತದೆ. ಡೈಪರ್ ನೆಲ ಕಾಯುತ್ತದೆ, ನಾಯಿಯನ್ನಲ್ಲ. ಕಾವಲಿನ ದಿನಗಳಲ್ಲಿ ಹಿತ್ತಲಿಗೂ ಹಗ್ಗ ಹಿಡಿದೇ ಕರೆದುಕೊಂಡು ಹೋಗಿ. ಮನೆಯಲ್ಲಿ ಗಂಡುನಾಯಿ ಇದ್ದರೆ ಅಣ್ಣ, ಅಪ್ಪ, ಮಗ ಅನ್ನುವ ಸಂಬಂಧವೆಲ್ಲ ನಮಗೆ ಮಾತ್ರ, ಅವಕ್ಕೆ ಲೆಕ್ಕಕ್ಕಿಲ್ಲ. ಬೇರೆ ಕಡೆ ಇಡಿ. ನಿನ್ನೆ ಬೀಜ ತೆಗೆಸಿದ ಗಂಡೂ ಕೆಲವು ವಾರ ಅಪ್ಪನಾಗಬಲ್ಲದು.

ಒಮ್ಮೆ ಮರಿ ಹಾಕಿದರೆ ಒಳ್ಳೆಯದು ಅನ್ನುವುದಕ್ಕೆ ಆಧಾರವಿಲ್ಲ. ನಾಯಿಗೆ ತಾಯಿಯಾಗುವ ಕನಸೂ ಇರುವುದಿಲ್ಲ, ಅದು ನಮ್ಮದು. ಈ ಸಲ ಗಬ್ಬ ಆಗದೆ, ಆಪರೇಷನ್ನೂ ಈಗ ಬೇಡ ಅನ್ನಿಸಿದರೆ, ಬೆದೆ ಮುಗಿದ ಎರಡು ಮೂರು ತಿಂಗಳಿಗೆ ಮಾಡಿಸಿ. ಆಗ ರಕ್ತನಾಳಗಳ ಊತ ಇಳಿದಿರುತ್ತದೆ, ಕೆಲಸ ಸಲೀಸು. ಕಾಯುವ ಆ ಎರಡು ಮೂರು ತಿಂಗಳಲ್ಲಿ ನಾಯಿ ಜಾಸ್ತಿ ನೀರು ಕುಡಿದರೆ, ಊಟ ಬಿಟ್ಟರೆ, ವಾಂತಿ ಮಾಡಿದರೆ, ಕೀವಿನಂಥ ಸ್ರಾವ ಕಂಡರೆ ಬೆಳಗಾಗಲಿ ಅಂತ ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.