ದೇವರಿಗೆ ಎಲ್ಲ ಗೊತ್ತಿದ್ದ ಮೇಲೆ ಕ್ರೈಸ್ತರು ಪ್ರಾರ್ಥನೆ ಮಾಡುವುದು ಯಾಕೆ?

ದೇವರಿಗೆ ಸುದ್ದಿ ಮುಟ್ಟಿಸುವುದಕ್ಕಂತೂ ಅಲ್ಲ. ಕೇಳುವ ಮೊದಲೇ ನಿಮಗೆ ಏನು ಬೇಕೆಂದು ತಂದೆಗೆ ಗೊತ್ತು ಅಂತ ಯೇಸುವೇ ಹೇಳುತ್ತಾರೆ (ಬೈಬಲ್‌ನ ಮತ್ತಾಯ 6:8), ಮಜಾ ಅಂದ್ರೆ ಮರುಮಾತಿಗೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆ ಕಲಿಸುತ್ತಾರೆ. ಅದರಲ್ಲಿ ಕೇಳುವ ವಸ್ತು ಒಂದೇ, ಆ ದಿನದ ಊಟ. ಉಳಿದದ್ದು ಅಪ್ಪನ ಹತ್ತಿರ ಮಾತಾಡಿದ ಹಾಗೆ: ನಿನ್ನ ಇಷ್ಟ ನಡೆಯಲಿ, ನಮ್ಮನ್ನು ಕ್ಷಮಿಸು, ಕೇಡಿನಿಂದ ಕಾಪಾಡು.

ಇನ್ನು ಗೆತ್ಸೆಮನೆ ತೋಟ. ಸೆರೆ ಸಿಕ್ಕುವ ರಾತ್ರಿ ಯೇಸು ನೆಲಕ್ಕೆ ಬಿದ್ದು, ‘ಅಬ್ಬಾ’ (ಅರಾಮಿಕ್‌ನಲ್ಲಿ ಅಪ್ಪ, ನಮ್ಮ ಮಾತಿನ ಹಾಗೇ ಇದೆ ಅಲ್ವಾ!) ಈ ಬಟ್ಟಲು (ಅಂದ್ರೆ ಬರಲಿರುವ ಸಂಕಟ) ನನ್ನಿಂದ ತೆಗೆ, ಆದರೂ ನನ್ನಿಷ್ಟದಂತಲ್ಲ, ನಿನ್ನಿಷ್ಟದಂತೆ ಆಗಲಿ ಅಂತ ಬೇಡುತ್ತಾರೆ. ಶಿಲುಬೆ ತಪ್ಪಲಿಲ್ಲ. ನನ್ನ ಪ್ರಕಾರ ಪ್ರಾರ್ಥನೆಯ ತಿರುಳು ಇಲ್ಲಿದೆ. ಹಾಗಂತ ಏನೂ ಕೇಳಬಾರದು ಅಂತಲ್ಲ, ಕಾಯಿಲೆಯವರಿಗಾಗಿ ಪ್ರಾರ್ಥಿಸಿ ಎಂದು ಬೈಬಲ್‌ನಲ್ಲಿರುವ ಯಾಕೋಬನ ಪತ್ರಿಕೆಯಲ್ಲೇ (ಅಂದ್ರೆ ಪತ್ರದಲ್ಲೇ) ಇದೆ.