ಪ್ರತಿಕ್ರಿಯೆ: ಕರಗ ಕಾಟನ್‌ಪೇಟೆ ದರ್ಗಾಕ್ಕೆ ಹೋಗುವುದೇಕೆ?

ಬೆಂಗಳೂರು ಕರಗ, ಅಂದರೆ ಉತ್ಸವದಲ್ಲಿ ತಲೆಯ ಮೇಲೆ ಹೊತ್ತು ತರುವ ಹೂವಿನ ಕಳಶ, ನಿಜಕ್ಕೂ ದರ್ಗಾದೊಳಗೆ ಹೋಗುತ್ತಾ, ನೋಡಲು ಯಾವಾಗ ಬರಬೇಕು ಅಂತ ಕೇಳಿದ್ದೀರಿ. ಹೌದು, ಹೋಗುತ್ತದೆ. ಅದು ಹಜರತ್ ತವಕ್ಕಲ್ ಮಸ್ತಾನ್ ದರ್ಗಾ. ಅವರು 18ನೇ ಶತಮಾನದ ಸೂಫಿ ಸಂತರು. ಹೈದರಾಲಿ ಕೋಟೆ ಕಟ್ಟಿಸುವಾಗ ಕೆಲಸಗಾರರ ಜೊತೆ ದುಡಿದು, ಸಂಜೆ ಕೂಲಿ ಮುಟ್ಟದೆ ಹೊರಟುಬಿಡುತ್ತಿದ್ದರಂತೆ. ಕರಗದ ನಂಟಿಗೂ ಒಂದು ಪ್ರತೀತಿ ಇದೆ: ಮೆರವಣಿಗೆಯಲ್ಲಿ ಗಾಯಗೊಂಡ ಅವರನ್ನು ಕರಗದವರೇ ಉಪಚರಿಸಿದರು, ಕರಗ ತಮ್ಮಲ್ಲಿಗೂ ಬರಲಿ ಎಂದು ಅವರು ಕೇಳಿಕೊಂಡರು. ಇದಕ್ಕೆ ದಾಖಲೆ ಹುಡುಕುವುದಕ್ಕಿಂತ, ಕರಗ ನಡೆಸುವ ತಿಗಳ ಸಮುದಾಯ ಇವತ್ತಿಗೂ ಆ ಮಾತು ನಡೆಸಿಕೊಂಡು ಬಂದಿರುವುದೇ ದೊಡ್ಡದು ಅನ್ನುತ್ತೇನೆ.

ಚೈತ್ರ ಪೌರ್ಣಮಿಯ ನಡುರಾತ್ರಿ ಕಳೆದ ಮೇಲೆ ಕರಗ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುತ್ತದೆ. ದಾರಿಯುದ್ದಕ್ಕೂ ಪೂಜೆ, ಹಾಗಾಗಿ ಸಮಯ ನೆಚ್ಚಿಕೊಳ್ಳಬೇಡಿ. ಗುಡಿಯಿಂದ ಹಿಂಬಾಲಿಸಿದರೆ ಪೇಟೆಯ ಸಂದಿಗಳಲ್ಲಿ ಸಿಕ್ಕಿಬೀಳುತ್ತೀರಿ, ಮೊದಲೇ ದರ್ಗಾದ ಬಳಿ ನಿಲ್ಲಿ. ಮಲ್ಲಿಗೆ ಮುಚ್ಚಿದ ಕರಗ ತಲೆಯ ಮೇಲೆ ಕೈಯಾಸರೆ ಇಲ್ಲದೆ ಬರುತ್ತದೆ, ಸುತ್ತ ಕಾವಲಿಗೆ ಕತ್ತಿ ಹಿಡಿದ ವೀರಕುಮಾರರು. ಅವರ ದಾರಿಗೆ ಅಡ್ಡ ಬರಬೇಡಿ.

ಸಮಾಧಾನವಾಗಿ ದರ್ಶನ ಬೇಕಿದ್ದರೆ ಬೇರೆ ದಿನ ಬನ್ನಿ. ಚಪ್ಪಲಿ ಹೊರಗೆ, ತಲೆಗೆ ಕರವಸ್ತ್ರ ಅಥವಾ ಸೆರಗು. ಗುರುವಾರ ಸಂಜೆ ಜನ ಜಾಸ್ತಿ. ಚಿಕ್ಕಪೇಟೆ ಮೆಟ್ರೊದಿಂದ ನಡೆದೇ ಬರಬಹುದು.